ದೇಶ ದೇಶದ ಹುಡುಗ್ರು ಸೇರಿ ಮನೆ ಕಟ್ಟೋ ವರ್ಕ್‌ಶಾಪ್‌ಗೆ ಹೋಗ್ಬೋದಾ? ಹೋಗಿ ಬಂದೋರು ಹೇಳಿ

ಕೊಬ್ಬರಿಸೀಮೆ

ಎಲ್ರಿಗೂ ನಮಸ್ಕಾರ. ಬಿ.ಆರ್ಕ್ ನಾಲ್ಕನೇ ವರ್ಷ, ಓದ್ತಿರೋದು ಮೈಸೂರಲ್ಲಿ, ಊರು ತಿಪಟೂರು ಕಡೆ. ಪಾಂಡಿಚೇರಿ ಪಕ್ಕ ಬೇರೆ ಬೇರೆ ದೇಶದೋರು ಸೇರಿ ಇರೋ ಆರೋವಿಲ್ ಅನ್ನೋ ಊರಿದ್ಯಲ್ಲ, ಅದ್ರ ಹತ್ರ ಒಂದು ಫಾರ್ಮಲ್ಲಿ ಜನವರಿ ಕೊನೆಯಿಂದ ಆರು ವಾರದ ವರ್ಕ್‌ಶಾಪ್ ಒಂದಿದೆ, ಬೇರೆ ಬೇರೆ ದೇಶದಿಂದ ಸುಮಾರು ಇಪ್ಪತ್ತು ಜನ, ನಮ್ ವಯಸ್ಸಿನೋರೇ ಬರ್ತಾರಂತೆ, ಎಲ್ಲಾ ಸೇರಿ ಒಂದು ಕಾಮನ್ ಮನೆ ಡಿಸೈನ್ ಮಾಡಿ ನಾವೇ ಕಟ್ಟೋದು. ಅಡುಗೆಮನೆ, ಊಟದ ಹಾಲ್, ಮೇಲೆ ಅಟ್ಟದಲ್ಲಿ ಮಲಗೋ ಜಾಗ. ನಾವು ಹೋದ್ಮೇಲೆ ಫಾರ್ಮಿಗೆ ಬರೋ ವಾಲಂಟಿಯರ್ಸ್ ಅದ್ರಲ್ಲಿ ಇರ್ತಾರೆ. ಮಣ್ಣಿನ ಬ್ಲಾಕು, ಬಿದಿರು, ಹಂಚು ಅಂತ ಬರ್ದಿದಾರೆ. ಸೆಲೆಕ್ಟ್ ಆಗಿದೀರ ಅಂತ ಮೇಲ್ ಬಂತು, ಫೀಸ್ ಕಟ್ಟೋಕೆ ಇನ್ನೂ ಟೈಮ್ ಇದೆ.

ಮನೇಲಿ ಹೇಳಿದ್ರೆ ಅಪ್ಪಾಜಿ ನಗ್ತಾರೆ, ದುಡ್ಡು ಕೊಟ್ಟು ಮಣ್ಣು ಹೊರೋಕೆ ಪಾಂಡಿಚೇರಿಗೆ ಯಾಕಮ್ಮ ಹೋಗ್ಬೇಕು, ನಮ್ ತೋಟದಲ್ಲೇ ಹೊರು, ಊಟ ನಾನ್ ಹಾಕ್ತೀನಿ ಅಂತ. ಅಮ್ಮಂಗೆ ಇರೋ ಚಿಂತೆನೇ ಬೇರೆ, ಹುಡುಗ್ರು ಹುಡುಗೀರು ಎಲ್ಲಾ ಒಂದೇ ಅಟ್ಟದ ಮೇಲೆ ಮಲಗೋದಾ ಅಂತ.

ನಂಗೆ ಬೇಕಿರೋದು: ನಿಜವಾಗ್ಲೂ ಎಲ್ರೂ ಕೂತು ಡಿಸೈನ್ ಮಾಡ್ತಾರಾ, ಇಲ್ಲಾ ಯಾರೋ ಮೊದ್ಲೇ ಡ್ರಾಯಿಂಗ್ ಮಾಡಿಟ್ಟಿದ್ದನ್ನ ನಾವು ಕಟ್ಟಿ ಫೋಟೋ ತೆಗೆಸ್ಕೊಂಡು ಬರೋದಾ? ಆರು ವಾರದಲ್ಲಿ ಮನೆ ಏಳುತ್ತಾ? ನನ್ನ ಇಂಗ್ಲಿಷು ಕ್ಲಾಸ್ ಪ್ರೆಸೆಂಟೇಶನ್‌ಗೆ ಸಾಕು, ಜಗಳ ಆಡೋಕೆ ಸಾಲಲ್ಲ, ಅಲ್ಲಿ ಹೆಂಗೆ? ಮತ್ತೆ ಹುಡುಗಿಯಾಗಿ ಏನೇನು ಮೊದ್ಲೇ ಕೇಳ್ಕೋಬೇಕು?

ಕೆಮ್ಮಣ್ಣು

ಹೋಗಿ, ಆದ್ರೆ ಕಣ್ ಬಿಟ್ಕೊಂಡು ಹೋಗಿ. ನಾನು ಬೆಂಗ್ಳೂರಲ್ಲಿ ಆರ್ಕಿಟೆಕ್ಟು, ಮಾಡೋದೆಲ್ಲ ಹೆಚ್ಚುಕಮ್ಮಿ ಮಣ್ಣಿನ ಮನೆಗಳೇ, ಆರೋವಿಲ್ ಅರ್ಥ್ ಇನ್‌ಸ್ಟಿಟ್ಯೂಟಲ್ಲಿ ಒಂದು ಟ್ರೈನಿಂಗೂ ಮಾಡಿದೀನಿ, ಹಂಗಾಗಿ ಆ ಕಡೆ ಕೆಲಸ ಹೆಂಗೆ ನಡೆಯುತ್ತೆ ಅಂತ ಸ್ವಲ್ಪ ಗೊತ್ತು.

ಆ ಕಡೆ ಮಣ್ಣಿನ ಬ್ಲಾಕ್ ಅಂದ್ರೆ ಒತ್ತಿದ ಬ್ಲಾಕು, ಸುಡೋದಿಲ್ಲ. ಮಣ್ಣು ಜರಡಿ ಹಿಡಿದು, ಸುಮಾರು 5% ಸಿಮೆಂಟ್ ಸೇರಿಸಿ, ಮೊದ್ಲು ಒಣಗಿದ್ದಾಗ್ಲೇ ಚೆನ್ನಾಗಿ ಕಲಸಿ, ಆಮೇಲೆ ನೀರು ಚಿಮುಕಿಸಿ ಮತ್ತೆ ಕಲಸಿ, ಪ್ರೆಸ್ಸಿಗೆ ಸುರಿದು ಉದ್ದದ ಲಿವರ್ ಹಿಡಿದು ಜಗ್ಗೋದು. ಮಣ್ಣು ಹೆಂಗಿರ್ಬೇಕು ಅಂದ್ರೆ ನೂರರಲ್ಲಿ ಅಂದಾಜು 15 ಪಾಲು ಸಣ್ಣ ಕಲ್ಲು, 50 ಮರಳು, 15 ಸಿಲ್ಟು, 20 ಜೇಡಿ. ನೀರು ಸರಿಯಾಗಿದ್ಯಾ ಅಂತ ನೋಡೋಕೆ ಮುಷ್ಟೀಲಿ ಉಂಡೆ ಕಟ್ಟಿ ಕೆಳಗೆ ಬಿಡ್ತಾರೆ. ಪುಡಿಪುಡಿ ಆದ್ರೆ ನೀರು ಕಮ್ಮಿ, ಒಡೀದೆ ಚಪ್ಪಟೆಯಾಗಿ ಕೂತ್ರೆ ಜಾಸ್ತಿ, ನಾಕೈದು ಚೂರಾದ್ರೆ ಹದ. ಇದನ್ನ ಮೊದಲ ದಿನಾನೇ ಹೇಳ್ಕೊಡ್ತಾರೆ, ಎಲ್ಲಾ ದೇಶದೋರೂ ಒಬ್ಬರ ಉಂಡೆ ಇನ್ನೊಬ್ರು ನೋಡಿ ನಗ್ತಾ ಕಲಿತಾರೆ, ಇಂಗ್ಲಿಷೇ ಬೇಕಾಗಲ್ಲ.

ಈಗ ಅಸಲು ವಿಷ್ಯ. ಒತ್ತಿದ ಬ್ಲಾಕು ಮೊದಲೆರಡು ದಿನ ಪ್ಲಾಸ್ಟಿಕ್ ಹೊದಿಸಿಟ್ಟು ಆಮೇಲೆ ನಾಲ್ಕು ವಾರ ಒಣಗದಂಗೆ ನೀರು ಹಾಕಿ ಕ್ಯೂರಿಂಗ್ ಮಾಡ್ಬೇಕು. ನಿಮ್ ವರ್ಕ್‌ಶಾಪ್ ಇರೋದು ಆರು ವಾರ. ಲೆಕ್ಕ ಹಾಕಿ. ನೀವು ಹೋಗಿ ಒತ್ತೋ ಬ್ಲಾಕು ಗೋಡೆ ಸೇರೋದು ನೀವು ಬ್ಯಾಗ್ ಪ್ಯಾಕ್ ಮಾಡೋ ಹೊತ್ತಿಗೆ. ಅಂದ್ರೆ ಗೋಡೆಗೆ ಬೇಕಾದ ಬ್ಲಾಕನ್ನ ನೀವು ಬರೋ ಮೊದ್ಲೇ ಯಾರೋ ಒತ್ತಿ, ಜೋಡಿಸಿ, ದಿನಾ ನೀರು ಹೊಡೆದು ಇಟ್ಟಿರ್ತಾರೆ. ಹೆಚ್ಚಾಗಿ ಸುತ್ತಮುತ್ತಲ ಹಳ್ಳಿಯವ್ರು, ಅದ್ರಲ್ಲಿ ಹೆಂಗಸ್ರೇ ಜಾಸ್ತಿ. ಅಕ್ಟೋಬರಿಂದ ಡಿಸೆಂಬರ್ ತನಕ ಅಲ್ಲಿ ಹಿಂಗಾರು ಮಳೆ ಬೇರೆ, ಶೆಡ್ಡಲ್ಲಿಟ್ಟು ಕಾಪಾಡಿರ್ತಾರೆ. ಕೊನೇಲಿ ಗ್ರೂಪ್ ಫೋಟೋದಲ್ಲಿ ಅವ್ರು ಇರಲ್ಲ.

ಹಂಗಾಗಿ ಡಿಸೈನ್ ನಿಜವಾಗ್ಲೂ ನಮ್ಮದಾ ಅನ್ನೋದಕ್ಕೆ ಸುಲಭದ ಪರೀಕ್ಷೆ ಒಂದಿದೆ, ಪಾಯ ಹಾಕಾಗಿದ್ಯಾ, ಬ್ಲಾಕು ಎಷ್ಟು ರೆಡಿ ಇದೆ ಅಂತ ಕೇಳಿ. ಪಾಯ ಬಿದ್ದಿದ್ರೆ ಪ್ಲಾನ್ ಮುಗಿದಿದೆ. ನಿಮಗೆ ಉಳಿಯೋದು ಕಿಟಕಿ ಎಲ್ಲಿ, ಒಳಗೆ ಕಟ್ಟೆ ಎಲ್ಲಿ, ಅಡುಗೆ ಜಾಗ ಹೆಂಗೆ, ಗೋಡೆಗೆ ಬಣ್ಣ ಯಾವ್ದು. ಅದು ಮೋಸ ಅಂತ ನಾನ್ ಹೇಳ್ತಿಲ್ಲ, ಆರು ವಾರದಲ್ಲಿ ಸೊನ್ನೆಯಿಂದ ಶುರು ಮಾಡಿ ಮನೆ ಮುಗಿಸ್ತೀವಿ ಅನ್ನೋರ ಮೇಲೇ ನಂಗೆ ಅನುಮಾನ ಜಾಸ್ತಿ. ಮೊದ್ಲೇ ಹೇಳಿದ್ರೆ ಸಾಕು.

ಆ ಊರಿಗೆ ಇದು ಹೊಸದೂ ಅಲ್ಲ. 1968ರ ಫೆಬ್ರವರಿ 28ಕ್ಕೆ ಆರೋವಿಲ್ ಶುರುವಾದಾಗ್ಲೇ 124 ದೇಶಗಳ ಹೆಸ್ರಲ್ಲಿ, ನಮ್ಮ ದೇಶದ ರಾಜ್ಯಗಳ ಹೆಸ್ರಲ್ಲಿ ಯುವಕ ಯುವತಿಯರು ಬಂದು ಒಂದೊಂದು ಹಿಡಿ ಮಣ್ಣು ತಂದು ಕಮಲದ ಮೊಗ್ಗಿನ ಆಕಾರದ ಕಲ್ಲಿನ ಪಾತ್ರೆಗೆ ಹಾಕಿದ್ರು. ಊರ ನಡುವೆ ಇರೋ ಧ್ಯಾನಮಂದಿರ ಮಾತೃಮಂದಿರದ ಶಂಕುಸ್ಥಾಪನೆ 1971ರಲ್ಲಿ, ಮುಗಿದಿದ್ದು 2008ರಲ್ಲಿ, ಅಷ್ಟು ವರ್ಷ ಅಲ್ಲಿ ಫಾರಿನ್ ಹುಡುಗ್ರೂ ಕೆಲಸ ಮಾಡಿದಾರೆ, ಪಕ್ಕದ ಹಳ್ಳಿಗಳ ತಮಿಳು ಕೂಲಿಯವ್ರೂ ಮಾಡಿದಾರೆ. ಅಲ್ಲಿನ ವಿಸಿಟರ್ಸ್ ಸೆಂಟರ್ ಇದೇ ಒತ್ತಿದ ಬ್ಲಾಕಿಂದ ಕಟ್ಟಿದ್ದು, 1992ರಲ್ಲಿ ಬಡವರ ವಾಸ್ತುಶಿಲ್ಪಕ್ಕೆ ಅಂತ ಕೊಡೋ ಹಸನ್ ಫತಿ ಪ್ರಶಸ್ತಿ ಬಂತು. ಹೋದ ದಿನಾನೇ ಅದನ್ನ ಸುತ್ತಾಕಿ, ಕಮಾನು ಹೆಂಗೆ ಕೂರಿಸಿದಾರೆ ನೋಡ್ಕೊಳ್ಳಿ.

ಮಣ್ಣಿನ ಬ್ಲಾಕ್ ಕಲಿಯೋದಷ್ಟೇ ಆದ್ರೆ ಅಷ್ಟು ದೂರ ಹೋಗ್ಬೇಕಿಲ್ಲ. ನಮ್ ಐಐಎಸ್‌ಸಿಯಲ್ಲಿ 1974ರಲ್ಲೇ ಹಳ್ಳಿಗಳಿಗೆ ಆಗೋ ತಂತ್ರಜ್ಞಾನಕ್ಕೆ ಅಂತ ಅಸ್ತ್ರ ಅನ್ನೋ ಕೇಂದ್ರ ಶುರುವಾಗಿ ಕೆ.ಎಸ್. ಜಗದೀಶ್ ಮೇಷ್ಟ್ರು ಮತ್ತವರ ಜೊತೆಯವ್ರು ಇದ್ರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದಾರೆ, ಬೆಂಗ್ಳೂರಲ್ಲಿ ಆ ಥರ ಮನೆಗಳು ಎಷ್ಟೋ ಇವೆ. ನೀವು ಅಲ್ಲಿಗೆ ಹೋಗ್ಬೇಕಿರೋದು ಇಪ್ಪತ್ತು ಜನ ಬೇರೆ ಬೇರೆ ಥರ ಬೆಳೆದೋರು ಒಂದು ಮನೆ ಬಗ್ಗೆ ಹೆಂಗೆ ಒಪ್ಕೊಳ್ತಾರೆ ಅಂತ ನೋಡೋಕೆ.

ಪೊಳಲಿ_ಪಯಣಿಗ

ನಾನು ಮಂಗ್ಳೂರಿನವ, ಆರ್ಕಿಟೆಕ್ಚರ್ ಮಾಸ್ಟರ್ಸ್ ಮಾಡಿದ್ದು ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ. ಅಲ್ಲಿಯ ಎನ್‌ಟಿಎನ್‌ಯು ಯೂನಿವರ್ಸಿಟಿಯ ಹುಡುಗರ ಒಂದು ಕತೆ ಉಂಟು, ನಿಮ್ಮ ಪ್ರಶ್ನೆಗೆ ಸರಿಯಾಗಿ ಹೊಂದ್ತದೆ. ಟಿಯಿನ್ ಅಂತ ಒಂದು ತಂಡ, ಆಗ ಅವರೆಲ್ಲ ಇನ್ನೂ ವಿದ್ಯಾರ್ಥಿಗಳು. 2008ರ ಕೊನೆಗೆ ಥಾಯ್ಲೆಂಡಿನ ತಾಕ್ ಪ್ರಾಂತ್ಯದ ನೋಬೋ ಅಂತ ಹಳ್ಳಿಗೆ ಹೋದ್ರು, ಬರ್ಮಾ ಗಡಿಯಲ್ಲಿ ಉಂಟು ಅದು, ಅಲ್ಲಿ ಕರೆನ್ ಜನಾಂಗದ ನಿರಾಶ್ರಿತ ಮಕ್ಕಳ ಒಂದು ಅನಾಥಾಲಯ. ಮಕ್ಕಳಿಗೆ ಮಲಗಲಿಕ್ಕೆ ಆರು ಸಣ್ಣ ಸಣ್ಣ ಮನೆ ಕಟ್ಟಿದ್ರು. ಪಾಯ ಅಂದ್ರೆ ಹಳೇ ಟಯರಿನೊಳಗೆ ಕಾಂಕ್ರೀಟ್ ಹಾಕಿದ್ದು, ಅದರ ಮೇಲೆ ಗಟ್ಟಿ ಮರದ ಚೌಕಟ್ಟು, ಗೋಡೆಗೆ ಬಿದಿರಿನ ತಟ್ಟಿ. ಆ ತಟ್ಟಿ ಹೆಣೆಯುವ ಕ್ರಮ ನಾರ್ವೆಯವರು ಕಂಡುಹಿಡಿದದ್ದಲ್ಲ ಮಾರಾಯ್ರೇ, ಅಲ್ಲಿನ ಮನೆಗಳಲ್ಲಿ ಇದ್ದದ್ದೇ, ಊರಿನ ಕೆಲಸದವರೇ ಹೆಣೆದದ್ದು. ಮಾಡು, ಅಂದ್ರೆ ಚಾವಣಿ, ಎರಡೂ ಬದಿಗೆ ರೆಕ್ಕೆ ಎತ್ತಿದ ಹಾಗೆ ಇದ್ದದ್ದು ನೋಡಿ ಆ ಕೆಲಸದವರು ಚಿಟ್ಟೆ ಮನೆ ಅಂತ ಹೆಸರಿಟ್ಟರು, ಕರೆನ್ ಭಾಷೆಯಲ್ಲಿ ಸೋ ಕೆರ್ ತಿಯೆ, ಪ್ರಪಂಚಕ್ಕೆಲ್ಲ ಈಗ ಗೊತ್ತಿರುವ ಹೆಸರು ಅದೇ. ಆಮೇಲೆ 2009ರಲ್ಲಿ ಅದೇ ತಾಕ್ ಪ್ರಾಂತ್ಯದ ಬಾನ್ ಥಾ ಸೊಂಗ್ ಯಾಂಗ್ ಅಂತ ಬೇರೆ ಊರಲ್ಲಿ ಇನ್ನೊಂದು ಅನಾಥಾಲಯಕ್ಕೆ ಯೂನಿವರ್ಸಿಟಿಯ ಬೇರೆ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಲೈಬ್ರರಿ, ಸ್ನಾನದ ಮನೆ ಎಲ್ಲ ಕಟ್ಟಿದ್ರು.

ಬಾಂಗ್ಲಾದೇಶದ ದಿನಾಜ್‌ಪುರ ಜಿಲ್ಲೆಯ ರುದ್ರಾಪುರದ ಮಣ್ಣಿನ ಶಾಲೆ ಕ್ಲಾಸಲ್ಲಿ ನೋಡಿರ್ತೀರಿ, 2007ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂದದ್ದು. ಅದನ್ನು ಮಾಡಿದ ಅನ್ನಾ ಹೆರಿಂಗರ್ ಮೊದಲು ಆ ಊರಿಗೆ ಹೋದದ್ದು 1997ರಲ್ಲಿ, 19 ವರ್ಷದ ವಾಲಂಟಿಯರ್ ಆಗಿ. ಶಾಲೆ ಕಟ್ಟಿದ್ದು 2005ರಲ್ಲಿ. ನಡುವೆ ಎಂಟು ವರ್ಷ. ಎಲ್ಲರೂ ಕಟ್ಟಡದ ಫೋಟೋ ಹಾಕ್ತಾರೆ, ಈ ಎಂಟು ವರ್ಷದ ಲೆಕ್ಕ ಯಾರೂ ಹೇಳುವುದಿಲ್ಲ. ಅಲ್ಲಿ ಗೋಡೆಗೆ ಬ್ಲಾಕೇ ಇಲ್ಲ, ಮಣ್ಣು ಹುಲ್ಲು ನೀರು ಹಾಕಿ ಎಮ್ಮೆ ದನ ಬಿಟ್ಟು ತುಳಿಸಿ, ಸುಮಾರು 65 ಸೆಂಟಿಮೀಟರ್ ಎತ್ತರಕ್ಕೆ ಪೇರಿಸುವುದು. ನಾಲ್ಕು ದಿನ ಬಿಟ್ಟು ಹರಿತ ಸಲಿಕೆಯಲ್ಲಿ ಬದಿ ನೆಟ್ಟಗೆ ಕೆತ್ತುವುದು, ಮತ್ತೆ ಒಂದು ವಾರ ಒಣಗಲಿಕ್ಕೆ ಬಿಟ್ಟು ಅದರ ಮೇಲೆ ಇನ್ನೊಂದು ಪದರ. ಕೆಮ್ಮಣ್ಣು ಅವರು ಹೇಳಿದ ಕ್ಯೂರಿಂಗ್ ಲೆಕ್ಕ ಇಲ್ಲಿಯೂ ಅದೇ, ಮಣ್ಣಿಗೆ ಅವಸರ ಇಲ್ಲ, ನಮಗೆ ರಿಟರ್ನ್ ಟಿಕೆಟ್ ಉಂಟು.

ಭಾಷೆ ಬಗ್ಗೆ ತಲೆ ಬಿಸಿ ಬೇಡ. ನಾನು ಒಮ್ಮೆ ಬೇಸಿಗೆಯಲ್ಲಿ ಆಸ್ಟ್ರಿಯಾದಲ್ಲಿ ಇಂಥದ್ದೇ ಒಂದಕ್ಕೆ ಹೋಗಿದ್ದೆ, ಮೆಕ್ಸಿಕೋದವ, ಜಾರ್ಜಿಯಾದವಳು, ಕೀನ್ಯಾದವ, ಇರಾನಿನವಳು, ಮತ್ತೆ ನಾನು, ಯಾರ ಇಂಗ್ಲಿಷೂ ಸಮ ಇರ್ಲಿಲ್ಲ. ಅಟ್ಟಕ್ಕೆ ಹೋಗುವ ಮೆಟ್ಟಿಲು ಒಳಗೋ ಹೊರಗೋ ಅಂತ ಎರಡು ದಿನ ಮೀಟಿಂಗು, ಕಂಪ್ಯೂಟರ್ ಮಾಡೆಲ್ಲು, ಒಬ್ಬರ ಮೇಲೆ ಒಬ್ಬರು ಸಿಟ್ಟು. ಕಡೆಗೆ ಅಲ್ಲಿಯ ಬಡಗಿ ಒಬ್ಬ ಅಂಗಳದಲ್ಲಿ ಸುಣ್ಣದ ಪುಡಿ ಹಾಕಿ ಇಡೀ ಪ್ಲಾನನ್ನು ಅದರ ನಿಜ ಅಳತೆಯಲ್ಲೇ ಗೆರೆ ಎಳೆದು, ಒಂದು ಹಾಸಿಗೆ ಕೈಗೆ ಕೊಟ್ಟು ಹೊತ್ತುಕೊಂಡು ಹೋಗಿ ನೋಡುವ ಅಂದ. ತಿರುವಿನಲ್ಲಿ ಹಾಸಿಗೆ ಹೋಗ್ಲೇ ಇಲ್ಲ. ಹೊರಗೆ ಅಂತ ಅಲ್ಲಿಗೆ ತೀರ್ಮಾನ, ಯಾರೂ ಒಂದು ವಾಕ್ಯ ಮಾತಾಡ್ಲಿಲ್ಲ. ನೀವೂ ಡಿಸೈನ್ ಚರ್ಚೆ ಉದ್ದ ಆದರೆ ಸುಣ್ಣ ಕೇಳಿ.

ನನಗೆ ಕಿರಿಕಿರಿ ಆದದ್ದು ಒಂದೇ, ಇಂಗ್ಲಿಷು ಚೆನ್ನಾಗಿ ಬರುವ ಇಬ್ಬರು ಮೂರು ಜನರ ಐಡಿಯಾವೇ ಗುಂಪಿನ ಐಡಿಯಾ ಆಗಿ ಹೋಗ್ತದೆ. ಸ್ಕೆಚ್ ಮಾಡಿ ಗೋಡೆಗೆ ಅಂಟಿಸಿ, ಮಾತಿಗಿಂತ ಮೊದಲು.

ಗೌಂಡಿ_ಮಗ

ನಮ್ಮಜ್ಜ ಗೌಂಡಿ, ನಮ್ಮಪ್ಪ ಗೌಂಡಿ, ನಾ ಈಗ ಬಾಗಲಕೋಟಿ ಕಡೆ ಸಣ್ಣ ಸಣ್ಣ ಕಾಂಟ್ರ್ಯಾಕ್ಟ್ ಹಿಡೀತೀನ್ರಿ. ಮ್ಯಾಲಿನ ಎರಡೂ ಓದಿದೆ, ಛೊಲೊ ಬರದಾರ, ಆದ್ರ ಮನಿ ಕಟ್ಟಿದ ಮ್ಯಾಲ ಏನ ಅನ್ನೂದ ಯಾರೂ ಮಾತಾಡವಲ್ರು.

ನಮ್ಮ ಕಡೆ ಮಣ್ಣಿನ ಮಾಳಗಿ ಮನಿ (ಮ್ಯಾಲ ಚಾವಣಿನೂ ಸಪಾಟ, ಮಣ್ಣಿಂದ) ಅದಾವಲ್ರಿ, ಗ್ವಾಡಿ ಎರಡ ಮೂರ ಫೂಟ ದಪ್ಪ, ಬ್ಯಾಸಗ್ಯಾಗ ಒಳಗ ಕುಂತ್ರ ತಣ್ಣಗ ಇರ್ತೈತಿ, ಎಲ್ಲಾ ಖರೇ. ಆದ್ರ ಪ್ರತಿ ವರ್ಷ ಮಳಿಗಾಲಕ್ಕಿಂತ ಮೊದಲ ಮಾಳಗಿ ಮ್ಯಾಲ ಹಾಳಮಣ್ಣ ಹಾಕಿ ಬಡೀಬೇಕು. ಮಳಿ ಬಂದ್ರ ರಾತ್ರಿ ಎದ್ದ ಮ್ಯಾಲ ಹತ್ತಿ ಎಲ್ಲಿ ತೂತ ಬಿದ್ದೈತಿ ನೋಡಿ ಮುಚ್ಚಬೇಕು. ಗ್ವಾಡಿ ಬುಡಕ್ಕ ಸಾರಸಬೇಕು. ಇದನ್ನ ಮಾಡಾವ್ರು ಯಾರು, ಆ ಮನ್ಯಾಗ ಹುಟ್ಟಿ ಅಲ್ಲೇ ಸಾಯಾವ್ರು. ನಮ್ಮ ಓಣ್ಯಾಗ ಒಂದ ದೊಡ್ಡ ಮನಿ ಇತ್ರಿ, ಮಂದಿ ಎಲ್ಲಾ ದುಡಿಯಾಕ ಪುಣೆಕ್ಕ ಹ್ವಾದ್ರು, ಕೀಲಿ ಹಾಕಿದ್ರು, ನಾಕ ಮಳಿಗಾಲಕ್ಕ ಮಾಳಗಿ ಕುಸದ ಬಿತ್ತು. ಅಜ್ಜಾರ ಕಾಲದಿಂದ ನಿಂತ ಮನಿ.

ಈಗ ಇವ್ರ ಕಟ್ಟೂ ಮನ್ಯಾಗ ಇರಾವ್ರು ವಾಲಂಟಿಯರು. ವಾಲಂಟಿಯರ ಅಂದ್ರ ಇವತ್ತ ಅದಾನ, ಮುಂದಿನ ತಿಂಗಳ ಮತ್ತೊಬ್ಬ ಬರ್ತಾನ. ಮಳಿ ಬಿದ್ದಾಗ ಹಂಚ ಸರದ್ರ ಯಾರ ಮ್ಯಾಲ ಹತ್ತತಾರ್ರಿ? ಅದು ಯಾರ ಮನಿ? ಮೊದಲ ಇದನ್ನ ಕೇಳ್ರಿ ತಂಗ್ಯಾರ, ಡಿಸೈನ್ ಹಿಂದಾಗಡೆ. ಉತ್ತರ ಬರ್ಲಿಲ್ಲಂದ್ರ ಅದು ಮನಿ ಅಲ್ಲ, ನಿಮ್ಮ ಪರೀಕ್ಷಾದ ಮಾಡೆಲ್ಲು.

ಇನ್ನೊಂದ. ಇಪ್ಪತ್ತ ಮಂದಿ ರೊಕ್ಕಾ ಕೊಟ್ಟ ಕೆಲಸ ಮಾಡಿದ್ರ ಆ ಊರಿನ ಗೌಂಡಿ ಪಗಾರ ಹೋತಲ್ರಿ ಆರ ವಾರದ್ದು? ನಿಮ್ಮಪ್ಪಾರು ಹೇಳಿದ್ದ ಖರೇ ಐತಿ. ಸಿಟ್ಟ ಆಗಬ್ಯಾಡ್ರಿ.

ಹೋಗೂದ ಆದ್ರ ಎರಡ ಅಳತಿ ನೋಡ್ರಿ, ನೆಲದಿಂದ ಕಟ್ಟಿ ಎಷ್ಟ ಎತ್ತರ, ಸೂರು ಗ್ವಾಡಿಯಿಂದ ಎಷ್ಟ ಹೊರಗ. ಉಳಿದದ್ದೆಲ್ಲ ಆಮ್ಯಾಲ ರಿಪೇರಿ ಮಾಡಬಹುದು, ಇವೆರಡ ತಪ್ಪಿದ್ರ ಆಗೂದಿಲ್ಲ.

ಕೊಬ್ಬರಿಸೀಮೆ

ಅಣ್ಣಾ ಸಿಟ್ಟೇನಿಲ್ಲ, ನಿಮ್ ಪೋಸ್ಟ್ ಅಪ್ಪಾಜಿಗೆ ಓದಿ ಹೇಳ್ದೆ, ಅವ್ರು ಈಗ ನಿಮ್ ಫ್ಯಾನು, ಆ ಬಾಗಲಕೋಟೆಯವ್ರನ್ನ ಒಂದ್ಸಲ ನಮ್ ಮನೆಗೆ ಕರಿ, ಕೊಬ್ಬರಿ ಅಟ್ಟದ ತೊಲೆ ತೋರ್ಸ್ಬೇಕು ಅಂತಿದಾರೆ. ನಾನು ಲಿಸ್ಟ್ ಮಾಡ್ಕೊಂಡಿದೀನಿ: ಪಾಯ, ಬ್ಲಾಕು, ಮೇಂಟೆನೆನ್ಸು, ಕೂಲಿ. ಇರೋ ವ್ಯವಸ್ಥೆ ಬಗ್ಗೆ ಯಾರಾದ್ರೂ ಹೆಣ್ಮಕ್ಳು ಹೇಳಿ ಪ್ಲೀಸ್, ಅಮ್ಮ ದಿನಾ ಕೇಳ್ತಾರೆ.

ಬಾಳೆಲೆ

ಬಾ ತಂಗಿ ನಾನ್ ಹೇಳ್ತೀನಿ. ನಾನು ಆರ್ಕಿಟೆಕ್ಟೂ ಅಲ್ಲ ಎಂಜಿನಿಯರೂ ಅಲ್ಲ, ಕೆಲಸ ಬಿಟ್ಟು ಸ್ವಲ್ಪ ಕಾಲ ಆ ಕಡೆ ಒಂದು ಫಾರ್ಮಲ್ಲಿ ವಾಲಂಟಿಯರ್ ಆಗಿದ್ದೆ, ಇಂಥ ಹುಡುಗ್ರು ಕಟ್ಟಿಟ್ಟು ಹೋದ ಕಾಮನ್ ಮನೇಲೇ ವಾಸ. ಅಂದ್ರೆ ನೀನ್ ಕಟ್ಟೋ ಮನೇಲಿ ಆಮೇಲೆ ಇರೋಳು ನಾನು ಅನ್ಕೋ.

ನೋಡೋಕೆ ಏನ್ ಚೆಂದ ಗೊತ್ತಾ, ಗೋಡೆಯಲ್ಲಿ ಬಾಟ್ಲಿ ಕೂರ್ಸಿ ಬಣ್ಣದ ಬೆಳಕು ಬರೋ ಹಾಗೆ, ಬಿದಿರಿನ ಅಟ್ಟ, ಕಮಾನು. ಆದ್ರೆ ಅಡುಗೆ ಕಟ್ಟೆ ನನ್ ಎದೆ ಹತ್ರ ಬರೋದು! ಕಟ್ಟಿದ ಬ್ಯಾಚಲ್ಲಿ ಉದ್ದುದ್ದ ಹುಡುಗ್ರೇ ಜಾಸ್ತಿ ಇದ್ರಂತೆ, ಅವ್ರಿಗೆ ಸರಿಯಾದ ಎತ್ತರಕ್ಕೆ ಮಾಡ್ಕೊಂಡು ಹೊರಟೋದ್ರು. ದಿನಾ ಇಪ್ಪತ್ತೈದು ಜನಕ್ಕೆ ಅನ್ನ ಸಾಂಬಾರ್ ಮಾಡ್ತಿದ್ದ ಅಕ್ಕ ಪಕ್ಕದ ಹಳ್ಳಿಯವ್ರು, ಐದಡಿನೂ ಇಲ್ಲ, ಅವ್ರು ಒಂದು ಮರದ ಹಲಗೆ ಮೇಲೆ ನಿಂತು ಅಡುಗೆ ಮಾಡೋರು. ತರಕಾರಿ ಹೆಚ್ಚೋದು ನೆಲದಲ್ಲಿ ಕೂತು ಈಳಿಗೆಮಣೇಲಿ, ಅದಕ್ಕೆ ಜಾಗಾನೇ ಬಿಟ್ಟಿರ್ಲಿಲ್ಲ, ಬಾಗಿಲಿಗೆ ಅಡ್ಡ ಕೂರೋರು. ಪಾತ್ರೆ ತೊಳೆಯೋದು ಹೊರಗೆ, ಅಲ್ಲಿ ಮೇಲೆ ಚಾವಣಿನೇ ಇಲ್ಲ, ಮಳೇಲಿ ನೆನೀತಾ ತೊಳೆಯೋದು. ಈ ಮನೆ ಡಿಸೈನ್ ಮಾಡುವಾಗ ಆ ಅಕ್ಕನ್ನ ಯಾರೂ ಒಂದು ಮಾತು ಕೇಳಿರ್ಲಿಲ್ಲ. ಹಾಗಾಗಿ ನೀನು ಹೋದ್ರೆ ಮೊದಲ ವಾರ ಅಡುಗೆ ಯಾರು ಮಾಡ್ತಾರೋ ಅವ್ರ ಪಕ್ಕ ಕೂತ್ಕೋ. ತಮಿಳು ಬರದಿದ್ರೂ ನಮಗೆ ಅರ್ಧ ಅರ್ಥ ಆಗುತ್ತಲ್ಲ, ಆ ಗುಂಪಲ್ಲಿ ಆ ಅನುಕೂಲ ಇರೋದು ನಿಂಗೆ ಮಾತ್ರ ಅನ್ಸುತ್ತೆ.

ಅಟ್ಟ: ಜನವರಿ ಫೆಬ್ರವರಿಗೆ ಸ್ವರ್ಗ, ಏಪ್ರಿಲ್ ಮೇ ತಿಂಗಳಲ್ಲಿ ಹಂಚಿನ ಕೆಳಗೆ ರಾತ್ರಿ ಹತ್ತು ಗಂಟೆಗೂ ಬೇಯ್ತೀವಿ, ಎಲ್ರೂ ಚಾಪೆ ಎತ್ಕೊಂಡು ಹೊರಗೆ. ಮಾಡಿನ ತುದೀಲಿ ಬಿಸಿಗಾಳಿ ಹೋಗೋಕೆ ಕಿಂಡಿ ಇಡಿ ಅಂತ ಹೇಳು. ಕೆಲವು ದೇಶದೋರಿಗೆ ಒಂದೇ ಹಾಲಲ್ಲಿ ಎಲ್ರೂ ಮಲಗೋದು ಸಹಜ, ನಮ್ ಹುಡುಗೀರಿಗೆ ಚಿಲಕ ಇರೋ ಬಾಗಿಲು ಬೇಕು, ಇದ್ರಲ್ಲಿ ನಾಚಿಕೆ ಪಡೋಕೇನಿಲ್ಲ, ಮೀಟಿಂಗಲ್ಲಿ ಬಾಯ್ಬಿಟ್ಟು ಹೇಳು. ನೀನ್ ಹೇಳಿದ್ರೆ ಇನ್ನೂ ನಾಲ್ಕು ಜನ ಹೂಂ ಅಂತಾರೆ, ನಾನ್ ನೋಡಿದೀನಿ. ವರ್ಕ್‌ಶಾಪ್ ಟೈಮಲ್ಲಿ ಹುಡುಗೀರಿಗೆ ಬೇರೆ ರೂಮೋ ಡಾರ್ಮೋ ಇದ್ಯಾ ಅಂತ ಮೇಲಲ್ಲೇ ಕೇಳಿ ಬರವಣಿಗೇಲಿ ತಗೋ, ಅಮ್ಮಂಗೆ ತೋರ್ಸೋಕೂ ಆಗುತ್ತೆ.

ಟಾಯ್ಲೆಟ್ ಡ್ರೈ ಟೈಪ್ ಇರ್ಬೋದು. ಎರಡು ಗುಂಡಿ, ಒಂದು ತುಂಬಿದ್ಮೇಲೆ ಮುಚ್ಚಿ ತಿಂಗಳುಗಟ್ಟಲೆ ಬಿಟ್ಟು ಗೊಬ್ಬರ ಮಾಡೋದು, ನೀರು ಬೀಳ್ಬಾರ್ದು, ಮರದ ಹೊಟ್ಟು ಹಾಕ್ಬೇಕು. ತೊಳ್ಕೊಳ್ಳೋದು ಪಕ್ಕದಲ್ಲೇ ಬೇರೆ ಜಾಗ. ಎರಡು ದಿನ ಕಷ್ಟ, ಆಮೇಲೆ ಅಭ್ಯಾಸ. ನಂಗೆ ತೊಂದ್ರೆ ಆಗಿದ್ದು ರಾತ್ರಿ ಅಲ್ಲಿಗೆ ನಡ್ಕೊಂಡು ಹೋಗೋ ದಾರಿ, ಕತ್ಲು, ಹಾವು ಓಡಾಡೋ ಜಾಗ. ಟಾರ್ಚ್ ತಗೊಂಡು ಹೋಗು. ಉಪ್ಪಿನಕಾಯಿನೂ, ಯಾಕಂದ್ರೆ ಅಡುಗೆ ಸರದಿ ಎಲ್ರಿಗೂ ಬರುತ್ತೆ, ಕೆಲವ್ರ ಕೈ ಅಡುಗೆಗೆ ಉಪ್ಪು ಖಾರ ಅಂದ್ರೆ ಏನು ಅಂತಾನೇ ಗೊತ್ತಿಲ್ಲ, ಮೂರನೇ ದಿನಕ್ಕೆ ನಿನ್ ಬಾಟ್ಲಿ ಹತ್ರ ಕ್ಯೂ ನಿಲ್ತಾರೆ.

ಹಳೇಪೇಪರ್

ಹೊರಗಿನೋರು ಬಂದು ಕಟ್ಟಿದ್ರೆ ಅದು ಯಾರ ಮನೆ ಅಂತ ಗೌಂಡಿ_ಮಗ ಎತ್ತಿದ ಪ್ರಶ್ನೆ ನೂರು ವರ್ಷ ಹಳೇದು. ಮೊದಲ ಮಹಾಯುದ್ಧ ಮುಗಿದ್ಮೇಲೆ 1920ರಲ್ಲಿ ಸ್ವಿಟ್ಜರ್‌ಲೆಂಡಿನ ಪಿಯೆರ್ ಸೆರೆಸೋಲ್ ಅನ್ನೋರು ಫ್ರಾನ್ಸಿನ ವರ್ದನ್ ಹತ್ರ ಎಸ್ನ್ ಅನ್ನೋ ಹಾಳಾದ ಹಳ್ಳಿಗೆ ಬೇರೆ ಬೇರೆ ದೇಶದ ಕೆಲವು ಜನರನ್ನ ಕಟ್ಕೊಂಡು ಹೋಗಿ ಮನೆ ಕಟ್ಟೋಕೆ ಶುರು ಮಾಡಿದ್ರು. ಗುಂಪಲ್ಲಿ ಜರ್ಮನ್ನರೂ ಇದ್ರು, ಅಂದ್ರೆ ನಿನ್ನೆ ಮೊನ್ನೆ ತನಕ ಅದೇ ಊರ ಮೇಲೆ ಗುಂಡು ಹಾರಿಸಿದ ದೇಶದೋರು. ಉದ್ದೇಶ ಒಳ್ಳೇದೇ, ಆದ್ರೆ ಸುತ್ತಲಿನೋರಿಗೆ ಜರ್ಮನ್ನರನ್ನ ಕಂಡ್ರೆ ಆಗ್ಲಿಲ್ಲ, ಕೆಲವೇ ತಿಂಗಳಲ್ಲಿ ಗುಂಪು ಜಾಗ ಖಾಲಿ ಮಾಡ್ಬೇಕಾಯ್ತು. ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಅನ್ನೋ ವಾಲಂಟಿಯರ್ ಸಂಸ್ಥೆ ಹುಟ್ಟಿದ್ದು ಅಲ್ಲಿಂದ. ಇವತ್ತಿನ ವರ್ಕ್‌ಕ್ಯಾಂಪುಗಳ ಮೂಲಾನೇ ಅದು.

ಇದೇ ಸೆರೆಸೋಲ್ 1934ರ ಬಿಹಾರ ಭೂಕಂಪ ಆದ್ಮೇಲೆ ನಮ್ ದೇಶಕ್ಕೂ ಬಂದ್ರು, ಸ್ವಿಸ್, ಇಂಗ್ಲಿಷ್ ಜೊತೆಗಾರರನ್ನ ಕರ್ಕೊಂಡು. ಭೂಕಂಪ, ಪ್ರವಾಹ ಎರಡಕ್ಕೂ ಸಿಕ್ಕ ಹಳ್ಳಿಗಳನ್ನ ಎತ್ತರದ ಜಾಗಕ್ಕೆ ಸಾಗಿಸಿ ಹೊಸ ಮನೆ ಕಟ್ಟೋದ್ರಲ್ಲಿ ಹಳ್ಳಿಯವ್ರ ಜೊತೆ ಕೈ ಹಚ್ಚಿದ್ರು. ಹೊರಗಿನೋರು ಬೆರಳೆಣಿಕೆ, ಮನೆ ಕಟ್ಟಿದೋರು ಆ ಮನೇಲಿ ಇರೋರೇ. ಎಸ್ನ್‌ಗೂ ಬಿಹಾರಕ್ಕೂ ಇರೋ ವ್ಯತ್ಯಾಸ ನೋಡ್ಕೊಂಡ್ರೆ ಸಾಕು.

ಕೆಮ್ಮಣ್ಣು

ಗೌಂಡಿ_ಮಗ ಅವ್ರೇ, ಕೂಲಿ ವಿಷ್ಯದಲ್ಲಿ ಅರ್ಧ ಒಪ್ತೀನಿ. ನಾನು ನೋಡಿದ ಕಡೆ ವರ್ಕ್‌ಶಾಪ್ ನಡೆದ್ರೆ ಮೇಸ್ತ್ರಿಗಳಿಗೆ ಕೆಲಸ ಕಮ್ಮಿ ಆಗಲ್ಲ, ಜಾಸ್ತಿ ಆಗುತ್ತೆ. ಕರಣೆ ಹಿಡಿಯೋಕೆ ಬರದ ಇಪ್ಪತ್ತು ಜನಕ್ಕೆ ಹೇಳ್ಕೊಡ್ಬೇಕು, ಸಂಜೆ ಅವ್ರು ಹೋದ್ಮೇಲೆ ತೂಗುಗುಂಡು ಬಿಟ್ಟು ನೋಡಿ ವಾಲಿರೋ ವರಸೆ ಬಿಚ್ಚಿ ಮತ್ತೆ ಕಟ್ಬೇಕು. ಪ್ರಶ್ನೆ ಏನಂದ್ರೆ ಹೇಳ್ಕೊಡೋ ಮೇಸ್ತ್ರಿಗೆ ಕೊಡೋದು ದಿನಗೂಲಿನಾ, ಟ್ರೈನರ್ ಸಂಬಳಾನಾ? ಪೋಸ್ಟರಲ್ಲಿ ಫೆಸಿಲಿಟೇಟರ್ ಅಂತ ಫಾರಿನ್ ಹೆಸ್ರು ದೊಡ್ಡದಾಗಿ ಇರುತ್ತೆ, ಮೇಸ್ತ್ರಿ ಹೆಸ್ರು ಎಲ್ಲಿ? ತಂಗಿ ಇದನ್ನ ಕೇಳ್ಬೋದು, ಫೀಸ್ ಕಟ್ಟೋರು ಕೇಳಿದ್ರೆ ಉತ್ತರ ಕೊಡ್ತಾರೆ.

ಬಾಳೆಲೆ ಅವ್ರು ಹೇಳಿದ ಆ ಅಡುಗೆ ಕಟ್ಟೆ ಕತೆ ನಮ್ ಆಫೀಸಿನ ಹುಡುಗ್ರಿಗೆಲ್ಲ ಫಾರ್ವರ್ಡ್ ಮಾಡಿದೀನಿ.

ಪೋರ್ಟ್‌ಫೋಲಿಯೋಗೆ: ಮುಗಿದ ಮನೆ ಫೋಟೋ ಬೇಡ, ಅದು ಇಪ್ಪತ್ತು ಜನರ ಹತ್ರಾನೂ ಇರುತ್ತೆ. ಒಂದು ಚಿಕ್ಕ ಭಾಗ ನಿಮ್ ಜವಾಬ್ದಾರಿ ಅಂತ ತಗೊಳ್ಳಿ, ಒಂದು ಕಿಟಕಿ, ಒಂದು ಕಟ್ಟೆ, ಪಾತ್ರೆ ತೊಳೆಯೋ ಜಾಗ ಏನೋ ಒಂದು. ಮೊದಲು ಹೆಂಗೆ ಬರೆದ್ರಿ, ಯಾರ ಮಾತಿಗೆ ಬದಲಾಯ್ತು, ಕೊನೆಗೆ ಹೆಂಗೆ ನಿಂತ್ಕೊಂತು ಅಂತ ಅಳತೆ ಸಮೇತ ಇಟ್ಕೊಳ್ಳಿ. ಇಂಟರ್‌ವ್ಯೂಗ್ ಬರೋರ ಹತ್ರ ನಾನ್ ಹುಡುಕೋದು ಅದನ್ನೇ.

ಕೊಬ್ಬರಿಸೀಮೆ

ಅಪ್ಡೇಟ್. ಎಲ್ಲಾ ಪ್ರಶ್ನೆ ಸೇರ್ಸಿ ಉದ್ದದ ಮೇಲ್ ಹಾಕಿದ್ದೆ, ಬೈತಾರೇನೋ ಅನ್ಕೊಂಡೆ, ಉತ್ತರ ಬಂತು. ಪಾಯ ಆಗಿದ್ಯಂತೆ, ಬ್ಲಾಕೂ ರೆಡಿ ಇದ್ಯಂತೆ, ಹೊರಗೋಡೆ ಪ್ಲಾನ್ ಫಿಕ್ಸು, ಒಳಗಿಂದು, ಮೇಲಿನ ಮಾಡು, ಜಗಲಿ ನಮ್ಗೆ ಬಿಟ್ಟಿದ್ದು. ಹುಡುಗೀರಿಗೆ ಬೇರೆ ಡಾರ್ಮ್ ಇದೆ, ಬಾಗಿಲಿಗೆ ಚಿಲಕ ಇದೆ ಅಂತ ಬರ್ದು ಕೊಟ್ಟಿದಾರೆ, ಅಮ್ಮ ಆ ಮೇಲನ್ನ ಪ್ರಿಂಟ್ ತೆಗೆಸಿ ಇಟ್ಕೊಂಡಿದಾರೆ. ಮೇಸ್ತ್ರಿಗಳು ಇಬ್ರು ಪಕ್ಕದ ಹಳ್ಳಿಯವ್ರು, ಪೂರ್ತಿ ಟೈಮ್ ಇರ್ತಾರಂತೆ, ಸಂಬಳ ಎಷ್ಟು ಅಂತ ಹೇಳಿಲ್ಲ. ಮೇಂಟೆನೆನ್ಸ್ ಪ್ರಶ್ನೆಗೆ ಮಾತ್ರ ಒಳ್ಳೆ ಪ್ರಶ್ನೆ, ಬಂದ್ಮೇಲೆ ಎಲ್ರೂ ಸೇರಿ ಚರ್ಚೆ ಮಾಡೋಣ ಅಂತ ಒಂದು ಸ್ಮೈಲಿ.

ಅಪ್ಪಾಜಿ ಅರ್ಧ ಫೀಸ್ ಕೊಡ್ತೀನಿ ಅಂದಿದಾರೆ. ಕಂಡೀಷನ್ನು, ವಾಪಸ್ ಬಂದ್ಮೇಲೆ ತೋಟದ ಪಂಪ್‌ಹೌಸಿಗೆ ಗೋಡೆ ಕಟ್ಕೊಡ್ಬೇಕಂತೆ.

ಗೌಂಡಿ_ಮಗ

ಸ್ಮೈಲಿ ಮ್ಯಾಲ ಮಳಿ ನಿಲ್ಲೂದಿಲ್ರಿ. ಮಾಡು ನಿಮ್ಗ ಬಿಟ್ಟಾರ ಅಂದ್ರ ಛೊಲೊನ ಆತು, ಸೂರು ಎಷ್ಟ ಹೊರಗ ಬಿಡ್ತಾರ ಕೇಳಿದ್ರೇನು?

ಕೊಬ್ಬರಿಸೀಮೆ

ಕೇಳ್ದೆ ಅಣ್ಣಾ. ಒಂದೂವರೆ ಅಡಿ ಅಂತ ಸ್ಕೆಚ್ಚಲ್ಲಿದೆ.

ಗೌಂಡಿ_ಮಗ

ಸಾಲೂದಿಲ್ಲ. ಸಮುದ್ರದ ಕಡಿ ಗಾಳಿ, ಮಳಿ ಅಡ್ಡ ಹೊಡೀತೈತಿ. ಮೂರ ಫೂಟ ಅನ್ರಿ, ಎರಡೂವರಿಗೆ ಒಪ್ಪತಾರ.

ಪೊಳಲಿ_ಪಯಣಿಗ

ನಮ್ಮ ಊರಿನಲ್ಲಾದ್ರೆ ಮೂರೂ ಸಾಲದು. ತೆಂಗಿನ ಗರಿಯ ತಟ್ಟಿ ಮಳೆಗಾಲಕ್ಕೆ ಬೇರೆಯೇ ಕಟ್ತೇವೆ. 2011ರ ಡಿಸೆಂಬರಿನಲ್ಲಿ ಥಾನೆ ಚಂಡಮಾರುತ ಬಂದಾಗ ಆರೋವಿಲ್‌ನಲ್ಲಿ ಎಷ್ಟು ಮರ ಬಿತ್ತು ಅಂತ ಅಲ್ಲಿಯವರನ್ನೇ ಕೇಳಿ, ಮಾಡನ್ನು ಗೋಡೆಗೆ ಹೇಗೆ ಕಟ್ಟುತ್ತಾರೆ ಅಂತಲೂ ನೋಡಿಕೊಳ್ಳಿ. ಸೂರು ಉದ್ದ ಆದಷ್ಟೂ ಗಾಳಿ ಕೆಳಗಿಂದ ಎತ್ತುವುದು ಜಾಸ್ತಿ.

ಗೌಂಡಿ_ಮಗ

ಇದು ಖರೇ ಮಾತ. ಮೂರ ಫೂಟ ಬಿಟ್ರ ಗ್ವಾಡಿ ಒಳಗಿಂದನ ಕಬ್ಬಣದ ಸಳಿ ತಂದ ತೊಲಿಗೆ ಬಿಗೀಬೇಕ್ರಿ. ಗ್ವಾಡಿ ಏಳೂಕಿಂತ ಮೊದಲ ಹೇಳ್ರಿ ಅವ್ರಿಗೆ, ಈಗ ಮೇಲ್ ಹಾಕ್ರಿ.